ಪೇಷಂಟ್ ಕಡೆಯವರಿಗೆ ಒಂದು ಬಹಿರಂಗ ಪತ್ರ

ಪೇಷಂಟ್ ಕಡೆಯವರೇ,

ಆಸ್ಪತ್ರೆಯಲ್ಲಿ ನಿಮ್ಮನ್ನು ಕೂಗುವುದೇ ಈ ಹೆಸರಿನಿಂದ. 'ಪೇಷಂಟ್ ಕಡೆಯವರು ಯಾರಿದ್ದೀರಿ?' ಅಂದ ಕೂಡಲೇ ಎದ್ದು ಬರುವವರು ನೀವು. ಗಂಡ, ಅಣ್ಣ, ಮಗ, ಅತ್ತಿಗೆ, ಇಲ್ಲವೇ ಬೆಂಗಳೂರಿನಲ್ಲಿ ಓದುತ್ತಿರುವ ತಂಗಿಯ ಮಗಳು. ಬಯಾಪ್ಸಿ ರಿಪೋರ್ಟು, ಮ್ಯಾಮೋಗ್ರಾಂ, ಆಧಾರ್, ರೇಷನ್ ಕಾರ್ಡು ತುಂಬಿದ ಕವರು ನಿಮ್ಮ ಕೈಯಲ್ಲಿರುತ್ತದೆ. ದುಡ್ಡು ಹೊಂದಿಸಿದವರು, ಕೆಲಸಕ್ಕೆ ರಜೆ ಹಾಕಿದವರು, ರಾತ್ರಿ ಬಸ್ಸಿನಲ್ಲಿ ಕೂತು ಬಂದವರು ನೀವೇ. ಡಾಕ್ಟರು ಮುಖ ನೋಡಿ ಮಾತಾಡುವುದು ನಿಮ್ಮ ಜೊತೆ. 'ಮನೆಯಲ್ಲಿ ಮಾತಾಡಿ ಹೇಳ್ತೀವಿ' ಅನ್ನುವವರೂ ನೀವು, ಮರುದಿನ ಬಂದು ಹೇಳುವವರೂ ನೀವು. ಅದಕ್ಕೇ ಈ ಪತ್ರ ನಿಮಗೆ.

ನಾನು ಪ್ಲಾಸ್ಟಿಕ್ ಸರ್ಜನ್. ಕ್ಯಾನ್ಸರ್ ಗಡ್ಡೆ ತೆಗೆದ ಮೇಲೆ ಉಳಿಯುವ ಸ್ತನಕ್ಕೆ ಆಕಾರ ಮರಳಿ ಕೊಡುವುದು ನನ್ನ ಕೆಲಸದ ಒಂದು ಭಾಗ. ಮುಜುಗರವಾದರೂ ಕೊನೆಯವರೆಗೆ ಓದಿ. ನಿಮ್ಮ ಮನೆಯ ಹೆಂಗಸಿಗೆ ಆಪರೇಷನ್ ದಿನ ಗೊತ್ತಾಗಿದ್ದರಂತೂ ಇವತ್ತೇ ಓದಿ.

ನಿಮ್ಮಲ್ಲಿ ಹೆಚ್ಚಿನವರು ಡಾಕ್ಟರ ಮುಂದೆ ಹೇಳುವ ಒಂದು ಮಾತಿದೆ: 'ಜೀವ ಉಳಿದರೆ ಸಾಕು ಡಾಕ್ಟ್ರೇ, ಮತ್ತೇನೂ ಬೇಡ.' ಅದು ಪ್ರೀತಿಯಿಂದ, ಭಯದಿಂದ ಬರುವ ಮಾತೆಂದು ಬಲ್ಲೆ. ಆದರೆ ಅದನ್ನು ಆಕೆಯ ಎದುರಿನಲ್ಲೇ ಹೇಳುತ್ತೀರಿ. ಗಂಡನೋ ಮಗನೋ ಹಾಗೆಂದ ಮೇಲೆ 'ನನಗೆ ಇನ್ನೊಂದು ಕೇಳಬೇಕಿತ್ತು' ಅನ್ನುವ ಧೈರ್ಯ ಎಷ್ಟು ಜನ ಹೆಂಗಸರಿಗೆ ಬರುತ್ತದೆ? ಆಕೆ ತಲೆಯಾಡಿಸುತ್ತಾಳೆ. ಡಾಕ್ಟರು ಮುಂದಿನ ಪೇಷಂಟ್ ಕಡೆ ತಿರುಗುತ್ತಾರೆ. ಆ ಎರಡು ನಿಮಿಷದಲ್ಲಿ ಕೇಳದೇ ಉಳಿದ ಪ್ರಶ್ನೆಗೆ ಮುಂದೆ ಉತ್ತರ ಕೊಡುವುದು ನನ್ನಂಥವರಿಗೆ ಬಹಳ ಕಷ್ಟವಾಗುತ್ತದೆ. ಯಾಕೆಂದು ಹೇಳುತ್ತೇನೆ.

ಮೊದಲು ನಿಮ್ಮ ದೊಡ್ಡ ಭಯದ ವಿಷಯ. 'ಪೂರ್ತಿ ತೆಗೆದರೆ ಕಾಯಿಲೆ ಬುಡಸಮೇತ ಹೋಗುತ್ತದೆ, ಸ್ತನ ಉಳಿಸಿಕೊಂಡರೆ ಕಾಯಿಲೆಯೂ ಉಳಿಯುತ್ತದೆ' ಎಂಬ ಭಯ. ವೈದ್ಯರೂ ಒಂದು ಕಾಲಕ್ಕೆ ಹಾಗೇ ನಂಬಿದ್ದರು. ಅಮೆರಿಕದ ಬಾಲ್ಟಿಮೋರಿನಲ್ಲಿದ್ದ ವಿಲಿಯಂ ಹಾಲ್‌ಸ್ಟೆಡ್ ತಮ್ಮ ಆಪರೇಷನ್ನಿನ ಫಲಿತಾಂಶಗಳನ್ನು 1894ರಲ್ಲಿ ಪ್ರಕಟಿಸಿದರು. ಆ ಪದ್ಧತಿಯಲ್ಲಿ ಸ್ತನದ ಜೊತೆ ಎದೆಯ ಸ್ನಾಯು, ಕಂಕುಳಿನ ಗ್ರಂಥಿಗಳು ಎಲ್ಲವೂ ಹೋಗುತ್ತಿದ್ದವು. ಮುಂದಿನ ಮುಕ್ಕಾಲು ಶತಮಾನ ಜಗತ್ತಿನ ಬಹುಪಾಲು ಸರ್ಜನ್‌ಗಳು ನಡೆದದ್ದು ಅದೇ ದಾರಿಯಲ್ಲಿ. ಲಂಡನ್ನಿನ ಜೆಫ್ರಿ ಕೇನ್ಸ್ 1920ರ ದಶಕದಲ್ಲೇ ಗಡ್ಡೆಯಷ್ಟನ್ನೇ ತೆಗೆದು ರೇಡಿಯಂ ಇಟ್ಟು ಚಿಕಿತ್ಸೆ ಮಾಡಿ ತೋರಿಸಿದ್ದರು. ಕಿವಿಗೊಟ್ಟವರು ಕಡಿಮೆ.

ನಂಬಿಕೆ ಬದಲಾದದ್ದು ಎರಡು ದೊಡ್ಡ ಪ್ರಯೋಗಗಳಿಂದ. ಇಟಲಿಯ ಮಿಲಾನ್‌ನಲ್ಲಿ ಉಂಬರ್ಟೋ ವೆರೋನೇಸಿ 1973ರಿಂದ 1980ರವರೆಗೆ, ಸಣ್ಣ ಗಡ್ಡೆಯಿದ್ದ 701 ಮಹಿಳೆಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಹಾಲ್‌ಸ್ಟೆಡ್ ಆಪರೇಷನ್. ಇನ್ನೊಂದಕ್ಕೆ ಸ್ತನದ ಕಾಲುಭಾಗ ತೆಗೆದು ರೇಡಿಯೇಷನ್. ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್ 1976ರಲ್ಲಿ ಇನ್ನೂ ದೊಡ್ಡ ಪ್ರಯೋಗ ಶುರುಮಾಡಿದರು. ಇಪ್ಪತ್ತು ವರ್ಷ ಕಾದು ನೋಡಿದ ಇಬ್ಬರ ಫಲಿತಾಂಶಗಳೂ 2002ರಲ್ಲಿ ಒಟ್ಟಿಗೆ ಪ್ರಕಟವಾದವು. ಪೂರ್ತಿ ತೆಗೆಸಿಕೊಂಡವರು, ಉಳಿಸಿಕೊಂಡವರು, ಇಬ್ಬರೂ ಬದುಕಿದ್ದು ಒಂದೇ ಪ್ರಮಾಣದಲ್ಲಿ. ಆದರೆ ಉಳಿಸಿಕೊಂಡವರಿಗೆ ಸಾಮಾನ್ಯವಾಗಿ ರೇಡಿಯೇಷನ್ ಬೇಕೇ ಬೇಕು. ಫಿಶರ್ ಪ್ರಯೋಗದಲ್ಲಿ ರೇಡಿಯೇಷನ್ ಪಡೆದವರಲ್ಲಿ ಅದೇ ಸ್ತನದಲ್ಲಿ ಮತ್ತೆ ಗಡ್ಡೆ ಬಂದದ್ದು ಶೇ 14ರಷ್ಟು ಜನರಿಗೆ, ಪಡೆಯದವರಲ್ಲಿ ಶೇ 39ರಷ್ಟು ಜನರಿಗೆ. ಅದು ಹಳೆಯ ಕಾಲದ ಲೆಕ್ಕ, ಇವತ್ತಿನ ಔಷಧಿಗಳಿಂದ ಮರುಕಳಿಕೆ ಇನ್ನೂ ತಗ್ಗಿದೆ. ಹಾಗಾಗಿ ಡಾಕ್ಟರು 'ಸ್ತನ ಉಳಿಸಬಹುದು' ಅಂದರೆ ಅವರು ಆಕೆಯ ಜೀವವನ್ನು ಪಣಕ್ಕಿಡುತ್ತಿಲ್ಲ.

ಎಲ್ಲರಿಗೂ ಉಳಿಸಲಾಗುವುದಿಲ್ಲ. ಸ್ತನದ ಬೇರೆ ಬೇರೆ ಭಾಗಗಳಲ್ಲಿ ಗಡ್ಡೆಗಳು ಹರಡಿದ್ದರೆ, ಚರ್ಮವೆಲ್ಲ ಕೆಂಪಾಗಿ ಊದುವ ಬಗೆಯ ಕ್ಯಾನ್ಸರ್ ಆಗಿದ್ದರೆ, ಆ ಜಾಗಕ್ಕೆ ಮೊದಲೇ ರೇಡಿಯೇಷನ್ ಆಗಿದ್ದರೆ ಸಾಮಾನ್ಯವಾಗಿ ಪೂರ್ತಿ ತೆಗೆಯುವುದೇ ಸರಿ. ದೂರವೂ ಒಂದು ಕಾರಣ. ರಾಯಚೂರು, ಕೊಪ್ಪಳ, ಚಾಮರಾಜನಗರದ ಕಡೆಯಿಂದ ಬರುವವರು, ನೀವೆಲ್ಲ 'ಕರೆಂಟ್ ಕೊಡೋದು' ಅನ್ನುವ ರೇಡಿಯೇಷನ್ ಚಿಕಿತ್ಸೆಗೆ ವಾರಗಟ್ಟಲೆ ಊರು ಬಿಟ್ಟಿರಲಾಗದೆ 'ಎಲ್ಲಾ ತೆಗೆದುಬಿಡಿ' ಅನ್ನುತ್ತಾರೆ. ಮೊದಲು ಐದು ವಾರ ಕೊಡುತ್ತಿದ್ದ ರೇಡಿಯೇಷನ್ ಈಗ ಬಹಳ ಕಡೆ ಮೂರು ವಾರ, ಹದಿನೈದು ಸಲ. ಬ್ರಿಟನ್ನಿನಲ್ಲಿ ನಡೆದ ಪ್ರಯೋಗವೊಂದರ ಫಲಿತಾಂಶ 2020ರಲ್ಲಿ ಬಂದ ಮೇಲೆ ಕೆಲವರಿಗೆ ಐದೇ ಸಲದಲ್ಲಿ ಮುಗಿಸುವುದೂ ಬಂದಿದೆ. ಎಷ್ಟು ದಿನವೆಂದು ಕೇಳದೆ ದೂರಕ್ಕೆ ಹೆದರಿ ತೀರ್ಮಾನ ಮಾಡಬೇಡಿ.

ಈಗ ನಾನು ಹೇಳಬೇಕಾದ ಮುಖ್ಯ ವಿಷಯಕ್ಕೆ ಬರುತ್ತೇನೆ. 'ಗಡ್ಡೆ ಮಾತ್ರ ತೆಗೆದರು, ಪುಣ್ಯಕ್ಕೆ ಉಳಿಯಿತು' ಎಂದು ನೀವು ನಿಟ್ಟುಸಿರು ಬಿಡುತ್ತೀರಿ. ಆದರೆ ಗಡ್ಡೆಯ ಜೊತೆಗೆ ಅದರ ಸುತ್ತಲಿನ ಆರೋಗ್ಯಕರ ಭಾಗದ ಒಂದು ಪದರವೂ ಹೋಗುತ್ತದೆ. ಹೊರತೆಗೆದ ತುಂಡಿನ ಮೈಗೆಲ್ಲ ಪೆಥಾಲಜಿಯವರು ಮಸಿ ಬಳಿದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಮಸಿ ಹತ್ತಿದ ಅಂಚಿನಲ್ಲಿ ಕ್ಯಾನ್ಸರ್ ಕೋಶ ಕಾಣಬಾರದು. ಕಂಡರೆ ಮತ್ತೆ ಕೊಯ್ಯಬೇಕು. ಆದ್ದರಿಂದ ಸರ್ಜನ್ ಧಾರಾಳವಾಗಿ ತೆಗೆಯುತ್ತಾರೆ, ತೆಗೆಯಬೇಕು ಕೂಡ. ಚಿಕ್ಕ ಸ್ತನದಲ್ಲಿ ಹಾಗೆ ತೆಗೆದರೆ ಉಳಿಯುವುದೆಷ್ಟು, ಯೋಚಿಸಿ.

ಮನೆಗೆ ಕಳಿಸುವ ದಿನ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ತೆಗೆದ ಜಾಗದಲ್ಲಿ ನೀರು ತುಂಬಿಕೊಂಡು ಉಬ್ಬಿರುತ್ತದೆ. ತಿಂಗಳುಗಳಲ್ಲಿ ಆ ನೀರು ಇಂಗುತ್ತದೆ, ಮೇಲಿನ ಚರ್ಮ ಕುಸಿದು ಕೆಳಗಿನ ಸ್ನಾಯುವಿಗೆ ಅಂಟುತ್ತದೆ. ರೇಡಿಯೇಷನ್ನಿನ ಪರಿಣಾಮ ವರ್ಷಗಟ್ಟಲೆ ಮುಂದುವರಿದು ಒಳಗಿನದೆಲ್ಲ ಕುಗ್ಗುತ್ತಾ ಗಟ್ಟಿಯಾಗುತ್ತದೆ. ಗಡ್ಡೆ ಕೆಳಭಾಗದಲ್ಲಿದ್ದರೆ ತೊಟ್ಟು ಕೆಳಮುಖವಾಗಿ ಬಾಗುತ್ತದೆ. ಆ ವಿಕಾರವನ್ನು ಸರ್ಜನ್‌ಗಳು 'ಹಕ್ಕಿಯ ಕೊಕ್ಕು' ಎಂದೇ ಕರೆಯುತ್ತಾರೆ. ಒಳಬದಿಯಲ್ಲಿ, ಅಂದರೆ ಎದೆಯ ನಡುವಿಗೆ ಹತ್ತಿರ ಇದ್ದರೆ ಸ್ವಲ್ಪ ತೆಗೆದರೂ ಗುಳಿ ಎದ್ದು ಕಾಣುತ್ತದೆ. ರವಿಕೆಯ ಕತ್ತು ತೆರೆದುಕೊಳ್ಳುವುದೇ ಅಲ್ಲಿ.

ಇಂಥವರು ನನ್ನ ಬಳಿಗೆ ಬರುವುದು ಎಲ್ಲ ಚಿಕಿತ್ಸೆ ಮುಗಿದು ಎರಡು, ಮೂರು, ಕೆಲವೊಮ್ಮೆ ಆರು ವರ್ಷವಾದ ಮೇಲೆ. ಹೆಚ್ಚಿನವರು ಒಬ್ಬರೇ ಬರುತ್ತಾರೆ, ಮನೆಯಲ್ಲಿ ಹೇಳಿರುವುದಿಲ್ಲ. ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುವ ಒಬ್ಬರು ಫ್ಯಾಕ್ಟರಿಯ ಚಿಂದಿ ಬಟ್ಟೆಯಿಂದ ತಮಗೆ ತಾವೇ ಪ್ಯಾಡು ಹೊಲಿದುಕೊಂಡಿದ್ದರು. ಇನ್ನೊಬ್ಬರು ಹದಿನೈದು ವರ್ಷದ ಪರಿಚಯದ ಟೈಲರಮ್ಮನನ್ನು ಬಿಟ್ಟು, ಪರಿಚಯವೇ ಇಲ್ಲದ ಊರಿನಲ್ಲಿ ಅಳತೆ ಕೊಡದೆ ಹಳೆಯ ರವಿಕೆ ಕೊಟ್ಟು ಹೊಲಿಸುತ್ತಿದ್ದರು. ಮದುವೆ ಮನೆಗಳಲ್ಲಿ ಹೆಂಗಸರೆಲ್ಲ ಒಂದೇ ಕೋಣೆಯಲ್ಲಿ ಸೀರೆ ಉಡುವ ಹೊತ್ತಿಗೆ ಅವರು ಮೂಲೆ ಹುಡುಕಬೇಕು. ನೀವು ಬಲ್ಲಿರಾ? ಪೂರ್ತಿ ಸ್ತನ ಕಳೆದುಕೊಂಡವರ ದುಃಖವನ್ನಾದರೂ ಜನ ಒಪ್ಪಿಕೊಳ್ಳುತ್ತಾರೆ. ಇವರು ಬಾಯಿ ಬಿಟ್ಟರೆ 'ನಿನಗೆ ಉಳಿದಿದೆಯಲ್ಲಾ' ಅನ್ನುತ್ತಾರೆ. ಜೀವ ಉಳಿಸಿದ್ದಕ್ಕೆ ಕೃತಜ್ಞತೆ ತೋರಬೇಕಾದ ಜಾಗದಲ್ಲಿ ದೂರುತ್ತಿದ್ದೇನೆ ಎಂಬ ಅಪರಾಧಿ ಭಾವದಲ್ಲಿ ಅವರು ನನ್ನ ಮುಂದೆ ಕ್ಷಮೆ ಕೇಳುತ್ತಾ ಮಾತು ಶುರುಮಾಡುತ್ತಾರೆ. ನನ್ನನ್ನು ಅತಿ ಹೆಚ್ಚು ನೋಯಿಸುವುದು ಅದು.

ಇದನ್ನು ತಡೆಯುವ ದಾರಿ ಇದೆ, ಹೊಸದೂ ಅಲ್ಲ. ಜರ್ಮನಿಯ ವೆರ್ನರ್ ಔಡ್ರೆಚ್ 1990ರ ದಶಕದಲ್ಲಿ ಆಂಕೋಪ್ಲಾಸ್ಟಿಕ್ ಸರ್ಜರಿ ಎಂಬ ಹೆಸರನ್ನು ಬಳಕೆಗೆ ತಂದರು. ಗಡ್ಡೆ ತೆಗೆಯುವ ಆಪರೇಷನ್ನಿನಲ್ಲೇ ಸ್ತನಕ್ಕೆ ಆಕಾರವನ್ನೂ ಕೊಟ್ಟುಬಿಡುವುದು ಅದರ ಅರ್ಥ. ಪ್ಯಾರಿಸ್ಸಿನಲ್ಲಿ ಕೃಷ್ಣ ಕ್ಲಾಫ್ ಮತ್ತು ಅವರ ಜೊತೆಗಾರರು 2010ರಲ್ಲಿ ಇದಕ್ಕೊಂದು ಸರಳ ಅಳತೆಗೋಲು ಕೊಟ್ಟರು. ಸ್ತನದ ಗಾತ್ರದಲ್ಲಿ ಶೇ 20ಕ್ಕಿಂತ ಕಡಿಮೆ ಹೋಗುವುದಾದರೆ ಅಕ್ಕಪಕ್ಕದ ಭಾಗವನ್ನು ಚರ್ಮದಿಂದ ಬಿಡಿಸಿ ಎಳೆದು ಗುಳಿ ಮುಚ್ಚಿದರೆ ಸಾಕು. ತರಬೇತಿ ಪಡೆದ ಯಾವ ಸ್ತನ ಸರ್ಜನ್ ಆದರೂ ಮಾಡಬಹುದು. ಶೇ 20ರಿಂದ 50ರವರೆಗೆ ಹೋಗುವುದಾದರೆ ಸ್ತನವನ್ನು ಚಿಕ್ಕದು ಮಾಡುವ ಪ್ಲಾಸ್ಟಿಕ್ ಸರ್ಜರಿಯ ವಿಧಾನಗಳು ಬೇಕಾಗುತ್ತವೆ. ಗಡ್ಡೆಯಿರುವ ಭಾಗ ತೆಗೆದು, ಉಳಿದದ್ದನ್ನು ಹೊಸದಾಗಿ ಜೋಡಿಸಿ, ತೊಟ್ಟನ್ನು ಸರಿಯಾದ ಜಾಗಕ್ಕೆ ತರಲಾಗುತ್ತದೆ. ಸ್ತನ ಚಿಕ್ಕದಾಗುತ್ತದೆ, ಆದರೆ ಸ್ತನದಂತೆಯೇ ಇರುತ್ತದೆ. ಇನ್ನೊಂದು ಬದಿಯನ್ನೂ ಅದೇ ಅಳತೆಗೆ ತರಬಹುದು. ದೊಡ್ಡ ಸ್ತನದಿಂದ ಬೆನ್ನು, ಭುಜ ನೋಯುತ್ತಿದ್ದವರಿಗೆ ಇದರಿಂದ ಆರಾಮವೂ ಸಿಗುತ್ತದೆ.

ಸ್ತನ ಚಿಕ್ಕದಾಗಿದ್ದು ಎಳೆದು ಮುಚ್ಚಲು ಸಾಲದಿದ್ದರೆ ಹೊರಗಿನಿಂದ ತರಬೇಕು. ಬೆನ್ನಿನ ಅಗಲವಾದ ಸ್ನಾಯುವನ್ನು ಚರ್ಮದ ಸಮೇತ ಮುಂದಕ್ಕೆ ತಿರುಗಿಸಿ ತರುವ ವಿಧಾನವನ್ನು ಇಟಲಿಯ ಇಜೀನಿಯೋ ತಾನ್ಸಿನಿ 1906ರಲ್ಲೇ ಪ್ರಕಟಿಸಿದ್ದರು. ದಶಕಗಳ ಕಾಲ ಮರೆತುಹೋಗಿದ್ದ ಅದು 1970ರ ದಶಕದಲ್ಲಿ ಮತ್ತೆ ಚಾಲ್ತಿಗೆ ಬಂತು. ನನಗೆ ಹೆಚ್ಚು ಇಷ್ಟವಾದದ್ದು ಆಮೇಲೆ ಬಂದ ಇನ್ನೊಂದು ವಿಧಾನ. ಕಂಕುಳಿನ ಕೆಳಗೆ, ರವಿಕೆಯ ಪಕ್ಕದ ಹೊಲಿಗೆ ಬರುವ ಜಾಗದಲ್ಲಿ ಹೆಚ್ಚಿನ ಹೆಂಗಸರಿಗೆ ಒಂದು ಮಡಿಕೆ ಇರುತ್ತದಲ್ಲ, ಆ ಚರ್ಮ ಮತ್ತು ಕೊಬ್ಬನ್ನು ಪಕ್ಕೆಲುಬುಗಳ ನಡುವಿನಿಂದ ಬರುವ ಸಣ್ಣ ರಕ್ತನಾಳದ ಮೇಲೆಯೇ ಉಳಿಸಿಕೊಂಡು ಒಳಕ್ಕೆ ಮಗುಚುತ್ತೇವೆ. ಸ್ನಾಯು ಮುಟ್ಟುವುದಿಲ್ಲ. ಕೊಡ ಹೊರುವ, ಕಳೆ ಕೀಳುವ, ಅಡಿಕೆ ಸುಲಿಯುವ ಕೈಗಳಿಗೆ ಅದು ದೊಡ್ಡ ವಿಷಯ. ಗೆರೆ ಕೈ ಕೆಳಗೆ ಮರೆಯಾಗುತ್ತದೆ.

ಇದೆಲ್ಲದಕ್ಕೂ ಸರಿಯಾದ ಹೊತ್ತು ಒಂದೇ, ರೇಡಿಯೇಷನ್ನಿಗೆ ಮೊದಲು. ಗಡ್ಡೆ ತೆಗೆಯುವ ಆಪರೇಷನ್ನಿನಲ್ಲೇ ಆದರೆ ಉತ್ತಮ. ಅಂಚಿನ ಬಗ್ಗೆ ಅನುಮಾನವಿದ್ದರೆ ಪೆಥಾಲಜಿ ರಿಪೋರ್ಟ್ ಬರುವವರೆಗೆ ಒಂದೆರಡು ವಾರ ಕಾದು, ರೇಡಿಯೇಷನ್ ಶುರುವಾಗುವ ಮೊದಲು ಮಾಡುವುದೂ ಉಂಟು. ರೇಡಿಯೇಷನ್ ತಾಗಿದ ಅಂಗಾಂಶದಲ್ಲಿ ಸಣ್ಣ ರಕ್ತನಾಳಗಳು ಕಡಿಮೆಯಾಗಿರುತ್ತವೆ, ಗಾಯ ಬೇಗ ಮಾಯುವುದಿಲ್ಲ, ಎಳೆದ ಕಡೆ ಬರುವುದಿಲ್ಲ. ಹಸಿ ಮಣ್ಣಿನಲ್ಲಿ ತಿದ್ದಬಹುದಾದದ್ದನ್ನು ಸುಟ್ಟ ಮಡಕೆಯಲ್ಲಿ ತಿದ್ದಲಾಗದು. ಆಮೇಲೆ ಬಂದವರಿಗೆ ನಾನು ಹೊಟ್ಟೆಯ ಅಥವಾ ತೊಡೆಯ ಕೊಬ್ಬನ್ನು ಸೂಜಿಯಿಂದ ತೆಗೆದು ಗುಳಿಗೆ ತುಂಬಬಹುದು, ಅದರಲ್ಲಿ ಒಂದು ಪಾಲು ಕರಗಿಹೋಗುತ್ತದೆ, ಎರಡು ಮೂರು ಸಲ ಮಾಡಬೇಕಾಗುತ್ತದೆ. ಇಲ್ಲವೇ ಬೆನ್ನಿನ ಸ್ನಾಯು ತರಬೇಕು. ಮೊದಲೇ ಕೇಳಿದ್ದರೆ ಒಂದು ಗಂಟೆ ಹೆಚ್ಚಿಗೆ ತಗಲುತ್ತಿದ್ದ ಕೆಲಸಕ್ಕೆ ಆಗ ಬೇರೆಯದೇ ಆಪರೇಷನ್, ಬೇರೆಯದೇ ಗಾಯ, ಬೇರೆಯದೇ ರಜೆ.

ಇದರಲ್ಲಿ ತೊಂದರೆಗಳೇ ಇಲ್ಲವೆಂದು ಹೇಳಿದರೆ ನಿಮಗೆ ಮೋಸ ಮಾಡಿದಂತೆ. ಗೆರೆಗಳು ಹೆಚ್ಚು. ತೊಟ್ಟಿನ ಸ್ಪರ್ಶ ಕಡಿಮೆಯಾಗಬಹುದು. ಸ್ಥಳ ಬದಲಿಸಿದ ಕೊಬ್ಬಿನ ಒಂದು ಭಾಗ ಸತ್ತು ಗಟ್ಟಿ ಗಂಟಾಗಬಹುದು. ಅದು ಕ್ಯಾನ್ಸರ್ ಅಲ್ಲ, ಆದರೆ ಆಕೆಯ ಕೈಗೆ ಸಿಕ್ಕ ದಿನ ಮನೆಯಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೆ ಗಾಯ ಮಾಯುವುದು ತಡವಾದರೆ ಮುಂದಿನ ಚಿಕಿತ್ಸೆಯೂ ತಡವಾಗುತ್ತದೆ. ಜೋಡಿಸಿದ ಮೇಲೆ ಅಂಚಿನಲ್ಲಿ ಕ್ಯಾನ್ಸರ್ ಕೋಶ ಕಂಡುಬಂದರೆ ಮತ್ತೆ ಎಲ್ಲಿ ಕೊಯ್ಯುವುದೆಂದು ಗುರುತಿಸುವುದು ಕಷ್ಟ, ಕೆಲವರಿಗೆ ಆಗ ಪೂರ್ತಿ ತೆಗೆಯಬೇಕಾಗುತ್ತದೆ. ಜೋಡಿಸಿದ ಮೇಲೆ ಹೀಗೆ ಗುರುತು ಸಿಗದೆಂದೇ, ರೇಡಿಯೇಷನ್ ಡಾಕ್ಟರಿಗೂ ಗಡ್ಡೆಯಿದ್ದ ಜಾಗ ಗೊತ್ತಾಗಲೆಂದು ಅಲ್ಲಿ ಪುಟ್ಟ ಲೋಹದ ಕ್ಲಿಪ್‌ಗಳನ್ನು ಬಿಡುತ್ತೇವೆ. ಇಷ್ಟೆಲ್ಲ ಕೇಳಿಯೂ ಆಕೆ 'ನನಗೆ ಬೇಡ, ಬೇಗ ಮುಗಿಸಿ' ಅಂದರೆ ಅದು ಪೂರ್ತಿ ಸರಿಯಾದ ತೀರ್ಮಾನ. ಪೂರ್ತಿ ತೆಗೆಸಿಕೊಂಡು ಚಪ್ಪಟೆಯಾಗಿಯೇ ನೆಮ್ಮದಿಯಿಂದ ಇರುವವರನ್ನೂ ನಾನು ಬಲ್ಲೆ. ಬೇಡ ಅನ್ನುವುದು ಆಕೆಯ ಬಾಯಿಂದ ಬರಲಿ ಎಂಬುದಷ್ಟೇ ನನ್ನ ಹಟ.

ನಿಮ್ಮ ಇತರ ಮಾತುಗಳೂ ನನಗೆ ಪರಿಚಿತ. 'ಐವತ್ತೈದಾಯ್ತು, ಈ ವಯಸ್ಸಲ್ಲಿ ಯಾರು ನೋಡ್ತಾರೆ?' ಆಕೆ ನೋಡುತ್ತಾಳೆ, ದಿನಾ ಸ್ನಾನ ಮಾಡುವಾಗ. 'ಕೊಯ್ದು ಕೆದಕಿದರೆ ಹರಡುತ್ತದಂತೆ.' ಇಲ್ಲ. ಆಂಕೋಪ್ಲಾಸ್ಟಿಕ್ ಮಾಡಿದರೆ ಕಾಯಿಲೆ ಹೆಚ್ಚುತ್ತದೆಂಬುದಕ್ಕೆ ಆಧಾರವಿಲ್ಲ. ಧೈರ್ಯವಾಗಿ ಹೆಚ್ಚು ತೆಗೆಯಲು ಸರ್ಜನ್‌ಗೆ ಅದು ಅವಕಾಶ ಕೊಡುತ್ತದೆ. 'ಒಳಗೆ ಮತ್ತೆ ಬಂದರೆ ಗೊತ್ತಾಗುವುದಿಲ್ಲವಂತೆ.' ಗೊತ್ತಾಗುತ್ತದೆ. ಮ್ಯಾಮೋಗ್ರಾಂ ತೆಗೆಯುವವರಿಗೆ ಏನು ಮಾಡಲಾಗಿದೆ ಎಂದು ತಿಳಿಸಿ, ಡಿಸ್ಚಾರ್ಜ್ ಸಮ್ಮರಿ ಜೋಪಾನವಾಗಿಡಿ.

'ಅದು ಸೌಂದರ್ಯದ ಆಪರೇಷನ್ನು, ಇನ್ಶೂರೆನ್ಸ್ ಬರಲ್ಲ' ಎಂಬ ಮಾತನ್ನು ಮಾತ್ರ ಇಲ್ಲಿ ನಿಲ್ಲಿಸಿ ಬಿಡಿಸಬೇಕು. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2019ರಲ್ಲಿ ಆರೋಗ್ಯ ವಿಮೆಯಲ್ಲಿ ಯಾವುದನ್ನು ಹೊರಗಿಡಬಹುದು ಎಂಬುದಕ್ಕೆ ಏಕರೂಪದ ಪಠ್ಯ ಕೊಟ್ಟಿತು. ಕಾಸ್ಮೆಟಿಕ್ ಮತ್ತು ಪ್ಲಾಸ್ಟಿಕ್ ಸರ್ಜರಿ ಆ ಹೊರಗಿಡುವ ಪಟ್ಟಿಯಲ್ಲಿದೆ ನಿಜ. ಆದರೆ ಅದೇ ವಾಕ್ಯದಲ್ಲಿ ಅಪಘಾತ, ಸುಟ್ಟಗಾಯ ಅಥವಾ ಕ್ಯಾನ್ಸರ್ ನಂತರದ ಪುನರ್ನಿರ್ಮಾಣಕ್ಕೆ ವಿನಾಯಿತಿಯೂ ಇದೆ. ಪಾಲಿಸಿಯ ಆ ಪುಟ ತೆಗೆದು ತೋರಿಸಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಡಿ ಬಂದವರಾದರೆ, ಅನುಮೋದನೆಗೆ ಅರ್ಜಿ ಹೋಗುವ ಮೊದಲೇ ಆರೋಗ್ಯಮಿತ್ರರ ಬಳಿ ಕೂತು ಯಾವ ಚಿಕಿತ್ಸೆಯ ಹೆಸರು ಬರೆಯುತ್ತಿದ್ದಾರೆ, ಅದರಲ್ಲಿ ಆಕಾರ ಸರಿಪಡಿಸುವುದು ಸೇರಿದೆಯೇ ಎಂದು ಕೇಳಿ. ಆಪರೇಷನ್ ಆದ ಮೇಲೆ ಕೇಳಿದರೆ ಪ್ರಯೋಜನ ಕಡಿಮೆ.

ನಿಮ್ಮ ಊರಿನ ಸರ್ಜನ್‌ಗೆ ಇದರ ಅನುಭವ ಇಲ್ಲದಿರಬಹುದು. ಅದರಲ್ಲಿ ಅವರಿಗೂ ನಿಮಗೂ ನಾಚಿಕೆಯ ವಿಷಯವೇನಿಲ್ಲ. ದೊಡ್ಡ ಕ್ಯಾನ್ಸರ್ ಆಸ್ಪತ್ರೆಯಲ್ಲಿ, ಬೆಂಗಳೂರಿನ ಕಿದ್ವಾಯಿಯಂಥಲ್ಲಿ ಅಥವಾ ನಿಮಗೆ ಹತ್ತಿರದ ವೈದ್ಯಕೀಯ ಕಾಲೇಜಿನಲ್ಲಿ, ಇನ್ನೊಂದು ಅಭಿಪ್ರಾಯ ಕೇಳಿ ಬನ್ನಿ. ಸ್ತನ ಕ್ಯಾನ್ಸರಿನಲ್ಲಿ ಸರಿಯಾದ ಯೋಜನೆಗಾಗಿ ಒಂದೆರಡು ವಾರ ಹಿಡಿದರೆ ಸಾಮಾನ್ಯವಾಗಿ ಕೆಡುಕಾಗುವುದಿಲ್ಲ. ತಿಂಗಳುಗಟ್ಟಲೆ ಎಳೆಯಬೇಡಿ, ನಾಟಿ ಔಷಧಿಗೆಂದು ಅಲೆಯಬೇಡಿ, ಅದು ಬೇರೆ ಮಾತು. ಗಡ್ಡೆ ದೊಡ್ಡದಿದ್ದು ಮೊದಲು ಕೀಮೋ ಕೊಡುತ್ತಾರೆಂದಾದರೆ, ಕೀಮೋಗೆ ಮುಂಚೆ ಗಡ್ಡೆಯೊಳಗೆ ಗುರುತಿನ ಕ್ಲಿಪ್ ಹಾಕುತ್ತೀರಾ ಎಂದು ಕೇಳಿ. ಕೀಮೋಗೆ ಗಡ್ಡೆ ಪೂರ್ತಿ ಕರಗುವುದುಂಟು. ಆಗ ಎಲ್ಲಿ ಕೊಯ್ಯಬೇಕೆಂದು ಸರ್ಜನ್‌ಗೆ ತೋರಿಸುವುದು ಆ ಕ್ಲಿಪ್ ಒಂದೇ.

ಕೊನೆಯದಾಗಿ ಒಂದು ಕೋರಿಕೆ, ಗಂಡಸರಲ್ಲಿ ವಿಶೇಷವಾಗಿ. ಡಾಕ್ಟರು ಎಲ್ಲ ವಿವರಿಸಿದ ಮೇಲೆ ನೀವು ಉತ್ತರ ಕೊಡುವ ಮೊದಲು ಎದ್ದು ಹೊರಗೆ ಬನ್ನಿ. ಆಕೆ ಡಾಕ್ಟರ ಜೊತೆ, ನರ್ಸಮ್ಮನ ಜೊತೆ ಹತ್ತು ನಿಮಿಷ ಒಬ್ಬಳೇ ಇರಲಿ. ಎಷ್ಟು ಭಾಗ ಹೋಗುತ್ತದೆ, ಆಮೇಲೆ ಹೇಗೆ ಕಾಣುತ್ತದೆ, ಅದೇ ದಿನ ಸರಿಮಾಡಬಹುದೇ, ರೇಡಿಯೇಷನ್ ಆದ ಮೇಲೆ ಏನಾಗುತ್ತದೆ ಎಂದು ಆಕೆಯೇ ಕೇಳಲಿ. ಕೇಳಲು ಬಾಯಿ ಬರದಿದ್ದರೆ ಈ ನಾಲ್ಕು ಪ್ರಶ್ನೆಗಳನ್ನು ಹಿಂದಿನ ರಾತ್ರಿಯೇ ಚೀಟಿಯಲ್ಲಿ ಬರೆದು ಕೊಡಿ. ಬರೆಯುವಾಗ ಆಕೆ ಐದನೆಯದೊಂದು ಪ್ರಶ್ನೆ ಹೇಳಿದರೆ ಅದನ್ನೂ ಬರೆಯಿರಿ.

ಇಂತಿ,
ಆಪರೇಷನ್ನಿಗೆ ಮೊದಲೇ ನಿಮ್ಮನ್ನು ಭೇಟಿಯಾಗಲು ಬಯಸುವ
ಒಬ್ಬ ಪ್ಲಾಸ್ಟಿಕ್ ಸರ್ಜನ್